ಕಲ್ಯಾಣದ ನೆಲೆಯಿಂದ ಚಲನಚಿತ್ರ ಶಿಕ್ಷಣ: ಒಂದು ಚಾರಿತ್ರಿಕ ವಿವೇಚನೆ

ಕನ್ನಡ ನಾಡಿನಲ್ಲಿ ಚಲನಚಿತ್ರವಿದ್ಯೆಯ ಬೋಧನೆಯು 1943ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯಿಂದ ಮೊದಲಾಯಿತೆಂಬುದು ಬಲ್ಲವರೆಲ್ಲರೂ ಒಪ್ಪಿದ ಸಂಗತಿ. ಆದರೆ ಅದೇ ಚರಿತ್ರೆಯನ್ನು ಬಸವಕಲ್ಯಾಣ, ಹುಮನಾಬಾದುಗಳ ನೆಲೆಯಿಂದ ಪರಾಮರ್ಶಿಸಿದಲ್ಲಿ, ಈ ವಿದ್ಯೆಯು ಯಾರಿಗೆ ದಕ್ಕಬೇಕೆಂಬುದನ್ನು ಪ್ರತಿಭೆಗಿಂತ ಹೆಚ್ಚಾಗಿ ರಾಜ್ಯಗಳ ಎಲ್ಲೆಗಳೇ ನಿರ್ಣಯಿಸಿದುವೆಂಬುದು ಸ್ಪಷ್ಟವಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ಸಂಸ್ಥಾನದಲ್ಲಿ ಈ ಶಾಲೆಯು ತಲೆಯೆತ್ತಿದಾಗ, ಇವೆರಡು ಊರುಗಳೂ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಕಲ್ಯಾಣವಂತೂ ನವಾಬರ ಜಾಗೀರಾಗಿದ್ದಿತು. ಉಚ್ಚಶಿಕ್ಷಣವೆಂದರೆ ಉರ್ದುವಿನ ಮೂಲಕ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಡೆಯುವ ಶಿಕ್ಷಣವೆಂದಿದ್ದ ಆ ದಿನಗಳಲ್ಲಿ, ಬೆಂಗಳೂರಿನ ಶಾಲೆಯು ಇಲ್ಲಿಯ ಕನ್ನಡ ಬಾಲಕನಿಗೆ ಪರರಾಜ್ಯದ್ದೇ ಸರಿ. ಈ ಅಂತರವು ಕಾಗದದ ಮೇಲಾದರೂ ಅಳಿದುದು ರಾಜ್ಯಗಳ ಪುನರ್ವಿಂಗಡಣೆಯಾದ 1956ರ ನವೆಂಬರ್ 1ರಂದು.

ಆ ಶಾಲೆಯಲ್ಲಿ ಕಲಿಸುತ್ತಿದ್ದುದು ಏನನ್ನು ಎಂಬುದನ್ನು ಅಲ್ಲಿಂದ 1946ರಲ್ಲಿ ತೇರ್ಗಡೆಯಾಗಿ ಹೊರಬಂದ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರ ಕೆಲಸವೇ ತೋರಿಸುತ್ತದೆ. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಪ್ರಸಿದ್ಧ ಗೀತದೃಶ್ಯಕ್ಕಾಗಿ ಅವರು ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಲ್ಲಿ ಹಿಡಿದು, ಇನ್ನೊಂದಕ್ಕೆ ತಿರುಗಿಸಿ, ಸ್ಟುಡಿಯೋದ ಕತ್ತಲೆಯೊಳಕ್ಕೆ ಕಂಬದಂತೆ ಇಳಿಸಿದರು. ಆ ಕಿರಣದಲ್ಲಿ ತೇಲುವ ಧೂಳಿನ ಕಣಗಳೂ ಅಭಿನಯದ ಭಾಗವಾದುವು. ಬೆಳಕಿನ ನಡೆಯನ್ನು ಕೈಯಾರೆ ಅರಿತವನಿಗಲ್ಲದೆ ಇದು ಹೊಳೆಯಲಾರದು. 1962ರಲ್ಲಿ ಅದೇ ಸಂಸ್ಥೆಯಿಂದ ಹೊರಬಂದ ಗೋವಿಂದ ನಿಹಲಾನಿಯವರು ಮೂರ್ತಿಯವರಲ್ಲಿಯೇ ಸಹಾಯಕರಾದುದರಿಂದ, ಗುರುಶಿಷ್ಯಪರಂಪರೆಯೊಂದು ಅಲ್ಲಿ ನಿಜವಾಗಿಯೂ ಬೆಳೆದಿತ್ತೆನ್ನಲು ಅಡ್ಡಿಯಿಲ್ಲ. ಆದರೂ ಈ ವಿದ್ಯೆಯು ಡಿಪ್ಲೊಮಾ ಆಗಿಯೇ ಉಳಿಯಿತು. ಹೆಸರಘಟ್ಟದ ಸರಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಗೆ ಅದು ವರ್ಗವಾದ ಬಳಿಕವೂ ವಿಶ್ವವಿದ್ಯಾಲಯದ ಪದವಿಪೀಠವು ಅದಕ್ಕೆ ಲಭಿಸಲಿಲ್ಲ. ಕಸುಬುಗಳ ಸಾಲಿನಲ್ಲಿ ನಿಂತುದು ಅದರ ನೈಪುಣ್ಯಕ್ಕೆ ಹಿತವನ್ನೂ, ಸಾಹಿತ್ಯ ಚರಿತ್ರೆಗಳ ಸಹವಾಸ ತಪ್ಪಿದುದು ಅದರ ವಿಚಾರಕ್ಕೆ ನಷ್ಟವನ್ನೂ ಮಾಡಿತೆಂಬುದು ನನ್ನ ಅಭಿಪ್ರಾಯ.

1960ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಕೇಂದ್ರಸರಕಾರದ ಚಲನಚಿತ್ರ ಸಂಸ್ಥೆಯು ಆರಂಭವಾದಾಗ ಭೂಗೋಳವು ಬೇರೆಯದೇ ಅರ್ಥವನ್ನು ಪಡೆಯಿತು. ಪುಣೆ–ಹೈದರಾಬಾದು ಹೆದ್ದಾರಿಯು ಹುಮನಾಬಾದನ್ನು ಹಾದೇ ಹೋಗುತ್ತದೆ. ಬಸವಕಲ್ಯಾಣದವರು ಅದೇ ದಾರಿಯಲ್ಲಿ ಸಸ್ತಾಪುರ ಬಂಗ್ಲಾದಲ್ಲಿ ಇಳಿಯುತ್ತಾರೆ. ಬೆಂಗಳೂರು 600 ಕಿಲೋಮೀಟರಿಗೂ ಮಿಕ್ಕ ದೂರವಿರಲು, ಈ ಸೀಮೆಯ ಸಹಜವಾದ ಚಿತ್ರನಗರಗಳು ಈ ಹೆದ್ದಾರಿಯ ಎರಡು ತುದಿಗಳೇ. ಮಣಿಪಾಲದಲ್ಲಿ ಔಷಧಶಾಸ್ತ್ರವನ್ನು ಓದಿ, ತರಬೇತಿಗೆಂದು ಹೈದರಾಬಾದಿಗೆ ಹೋದ ಗಿರೀಶ ಕಾಸರವಳ್ಳಿಯವರು ಆ ವೃತ್ತಿಯನ್ನು ತೊರೆದು ಸೇರಿದುದು ಪುಣೆಯನ್ನೇ. 1975ರಲ್ಲಿ ಅಲ್ಲಿಯ ವ್ಯಾಸಂಗವನ್ನು ಪೂರೈಸಿ, 1977ರಲ್ಲಿ ‘ಘಟಶ್ರಾದ್ಧ’ದಿಂದ ಸ್ವರ್ಣಕಮಲವನ್ನು ಕನ್ನಡಕ್ಕೆ ತಂದರು. ಅದೇ ಸಂಸ್ಥೆಯ ನಿರ್ದೇಶಕರಾಗಿ 1974–75ರಲ್ಲಿದ್ದ ಗಿರೀಶ ಕಾರ್ನಾಡರು ಮುಂದೆ ‘ತಲೆದಂಡ’ದಲ್ಲಿ ಕಲ್ಯಾಣದ ಕ್ರಾಂತಿಯನ್ನೇ ನಾಟಕವಾಗಿಸಿದರು. ಅದಕ್ಕೂ ಬಹಳ ಮುನ್ನ, 1959ರಲ್ಲಿ, ಹೊನ್ನಪ್ಪ ಭಾಗವತರ್ ಬಸವಣ್ಣನಾಗಿ, ರಾಜಕುಮಾರರು ಬಿಜ್ಜಳನಾಗಿ ಅಭಿನಯಿಸಿದ ‘ಜಗಜ್ಯೋತಿ ಬಸವೇಶ್ವರ’ವು ತೆರೆಕಂಡಿತ್ತು. ಹೀಗೆ ಕಲ್ಯಾಣವು ಚಿತ್ರಕ್ಕೂ ರಂಗಕ್ಕೂ ವಸ್ತುವಾಯಿತೇ ಹೊರತು, ಆ ವಿದ್ಯೆಯ ಅಧ್ಯಯನಕ್ಷೇತ್ರವಾಗಲಿಲ್ಲ. ಇದು ನನ್ನನ್ನು ಬಹುಕಾಲದಿಂದ ಬಾಧಿಸುತ್ತಿರುವ ಸಂಗತಿ.

1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಈ ಭಾಗದ ವಿದ್ಯಾರ್ಥಿಗೆ ಪತ್ರಿಕೋದ್ಯಮವು ಚಿತ್ರವಿದ್ಯೆಯ ಸಮೀಪದ ಬಾಗಿಲಾಯಿತು. ಸಂವಿಧಾನದ 371ಜೆ ವಿಧಿಯು 2013ರಲ್ಲಿ ಜಾರಿಗೆ ಬಂದು, ರಾಜ್ಯಮಟ್ಟದ ವಿದ್ಯಾಸಂಸ್ಥೆಗಳಲ್ಲಿ ಶೇಕಡ 8ರಷ್ಟು ಸ್ಥಾನಗಳು ಈ ಪ್ರದೇಶದವರಿಗೆ ಮೀಸಲಾದುವು. 2019ರಲ್ಲಿ ಇಡೀ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ನಾಮಧೇಯವೂ ಆಯಿತು. ಮೀಸಲಾತಿಯು ವಿದ್ಯಾರ್ಥಿಯನ್ನು ವಿದ್ಯೆಯಿರುವೆಡೆಗೆ ಕಳುಹಿಸುತ್ತದೆ. ಅದಕ್ಕಿಂತ ಮಿಗಿಲಾದುದು, ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿಸೀಮೆಯ ಪದವಿ ಕಾಲೇಜೊಂದರಲ್ಲಿಯೇ ಚಲನಚಿತ್ರವನ್ನು ಐಚ್ಛಿಕ ವಿಷಯವಾಗಿಸಿ, ಕ್ಯಾಮೆರಾವನ್ನೂ ಚರಿತ್ರೆಯನ್ನೂ ಒಂದೇ ಪಠ್ಯಕ್ರಮದಲ್ಲಿ ಬೋಧಿಸುವುದು. ಅಂಬಿಗನನ್ನೂ ಮಡಿವಾಳನನ್ನೂ ಅನುಭಾವಿಗಳ ಗೋಷ್ಠಿಯಲ್ಲಿ ಸಮಾನಾಸನದಲ್ಲಿ ಕುಳ್ಳಿರಿಸಿದ ಊರಿನಲ್ಲಿ, ಕಸುಬಿಗೂ ಪಾಂಡಿತ್ಯಕ್ಕೂ ಪ್ರತ್ಯೇಕ ಪೀಠಗಳಿರಬೇಕೆಂಬ ವಾದಕ್ಕೆ ಯಾವ ಆಧಾರವೂ ನನಗೆ ಕಾಣದು.