ಅಲಗು ಕಮ್ಮಾರಿಕೆಯ ಶಿಕ್ಷಣ, ಅಮೆರಿಕದಲ್ಲಿ

ಉಕ್ಕನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದಹಾಕಿ ಚಾಕು ಕತ್ತಿಗಳ ಅಲಗು ಮಾಡುವ ಕಸುಬನ್ನು ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವ ವ್ಯವಸ್ಥೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದಕ್ಕೆ ಸಂಘ, ಪರೀಕ್ಷೆ, ಶಾಲೆಗಳ ರೂಪ ಬಂದದ್ದು 1970ರ ದಶಕದಿಂದ ಈಚೆಗೆ. ಇದರ ಚರಿತ್ರೆಯ ಎರಡು ಘಟ್ಟಗಳ ಬಗ್ಗೆ ಪ್ರಚಲಿತ ಬರಹಗಳಲ್ಲಿ ಗೊಂದಲವಿದೆ. ಒಂದು, ಕಮ್ಮಾರ ಜೇಮ್ಸ್ ಬ್ಲ್ಯಾಕ್‌ನೊಂದಿಗೆ ಅಳಿದುಹೋಯಿತೆನ್ನುವ ಗುಟ್ಟು; ಇನ್ನೊಂದು, 1973ರ ಡಮಾಸ್ಕಸ್ ಉಕ್ಕಿನ ‘ಮರುಶೋಧ’.

ಬ್ಲ್ಯಾಕ್‌ನ ಗುಟ್ಟು

ಬೋವಿ ಚಾಕುವಿನ ಮೊದಲ ಮಾದರಿಯನ್ನು ಮಾಡಿದವರು ಯಾರೆಂಬುದಕ್ಕೆ ಒಂದಕ್ಕೊಂದು ಹೊಂದದ ಹೇಳಿಕೆಗಳಿವೆ. ಅದು ತನ್ನದೇ ಕೃತಿಯೆಂದು, ಚಾಕುವಿಗೆ ಯಾರ ಹೆಸರು ಬಂತೋ ಆ ಜಿಮ್ ಬೋವಿಯ ಅಣ್ಣ ರೆಝಿನ್ ಬೋವಿ 1838ರಲ್ಲಿ ಪತ್ರಿಕೆಯೊಂದಕ್ಕೆ ಬರೆದ. ಅರ್ಕಾನ್ಸಾಸ್ ರಾಜ್ಯದ ವಾಷಿಂಗ್ಟನ್ ಎಂಬ ಪುಟ್ಟ ಊರಿನ ಪತ್ರಿಕೆ 1841ರಲ್ಲಿ ಆ ಹೆಗ್ಗಳಿಕೆಯನ್ನು ಅದೇ ಊರಿನ ಕಮ್ಮಾರ ಜೇಮ್ಸ್ ಬ್ಲ್ಯಾಕ್‌ಗೆ ಕೊಟ್ಟಿತು. ಬ್ಲ್ಯಾಕ್ ಅಲ್ಲಿ ಬಾಳಿದ್ದು, ಕಣ್ಣು ಕಳೆದುಕೊಂಡದ್ದು, 1872ರಲ್ಲಿ ತೀರಿಕೊಂಡದ್ದು ನಿಜ. ಅವನು ಉಕ್ಕಿಗೆ ಹದಹಾಕುವ ವಿಶೇಷ ವಿಧಾನವನ್ನು ಯಾರಿಗೂ ತಿಳಿಸದೆ ಕಾಪಾಡಿದ, ಕೊನೆಗಾಲದಲ್ಲಿ ಹೇಳಲು ಹೊರಟಾಗ ನೆನಪೇ ಕೈಕೊಟ್ಟಿತು ಎಂಬ ಕಥೆಗೆ ಮುಖ್ಯ ಆಧಾರ ಡೇನಿಯಲ್ ವೆಬ್‌ಸ್ಟರ್ ಜೋನ್ಸ್ ಬಹಳ ವರ್ಷಗಳ ನಂತರ ದಾಖಲಿಸಿದ ನೆನಪು. ಬ್ಲ್ಯಾಕ್‌ಗೆ ಆಸರೆ ಕೊಟ್ಟದ್ದು ಜೋನ್ಸ್‌ನ ಮನೆ. ಜೋನ್ಸ್ ಮುಂದೆ ಆ ರಾಜ್ಯದ ಗವರ್ನರ್ ಆದ. ವಿಧಾನದ ವಿಷಯ ಏನೇ ಇರಲಿ, ಕಸುಬು ಒಬ್ಬನ ತಲೆಯಲ್ಲೇ ಉಳಿದರೆ ಅವನೊಂದಿಗೇ ಹೋಗುತ್ತದೆ ಎಂಬ ಎಚ್ಚರವನ್ನು ಈ ಕಥೆ ಮುಂದಿನ ಕಮ್ಮಾರರಿಗೆ ಕೊಟ್ಟಿತು.

1973ರ ಪ್ರದರ್ಶನ

ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಅಮೆರಿಕದ ಬಹುತೇಕ ಚಾಕುಗಾರರು ಸಿದ್ಧ ಉಕ್ಕಿನ ಪಟ್ಟಿಯನ್ನು ಯಂತ್ರದಲ್ಲಿ ಉಜ್ಜಿ ಅಲಗು ತೆಗೆಯುತ್ತಿದ್ದರು. ಬಡಿದು ಮಾಡುವವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬರಾದ ಮೇರಿಲ್ಯಾಂಡಿನ ವಿಲಿಯಂ ಮೋರನ್ (1925–2006), 1973ರಲ್ಲಿ ಕಾನ್ಸಾಸ್ ಸಿಟಿಯ ಚಾಕುಗಾರರ ಗಿಲ್ಡ್ ಪ್ರದರ್ಶನದಲ್ಲಿ ತಮ್ಮ ‘ಡಮಾಸ್ಕಸ್’ ಚಾಕುಗಳನ್ನು ಇಟ್ಟರು. ಕಬ್ಬಿಣ-ಉಕ್ಕಿನ ಪದರಗಳನ್ನು ಬೆಸೆದು, ಮಡಿಸಿ, ಮತ್ತೆ ಬೆಸೆದು ಮೂಡಿಸಿದ ಚಿತ್ತಾರ ಅವುಗಳ ಮೈಮೇಲಿತ್ತು.

ಮೋರನ್ ಮೃತ ಕಲೆಯನ್ನು ಬದುಕಿಸಿದರೆಂದು ಹಲವು ಕಡೆ ಬರೆಯಲಾಗಿದೆ. ಈ ಮಾತಿಗೆ ತಿದ್ದುಪಡಿ ಬೇಕು. ಪದರ ಬೆಸುಗೆಯಿಂದ ಬಂದೂಕಿನ ನಳಿಗೆ ಮಾಡುವ ಉದ್ಯಮ ಬೆಲ್ಜಿಯಂನ ಲಿಯೇಜ್ ಸೀಮೆಯಲ್ಲಿ ಮೊದಲ ಮಹಾಯುದ್ಧದವರೆಗೂ ಇತ್ತು. 1970ರ ಆಸುಪಾಸಿನಲ್ಲಿ ಇಲಿನಾಯ್ ರಾಜ್ಯದ ಕಾರ್ಬನ್‌ಡೇಲ್ ಊರಿನ ವಿಶ್ವವಿದ್ಯಾಲಯದ ಬಳಗದಲ್ಲಿ ಡ್ಯಾರಿಲ್ ಮೀಯರ್ ಮೊದಲಾದವರು ಇದೇ ಕೆಲಸದಲ್ಲಿ ತೊಡಗಿದ್ದರು. ಮೋರನ್ನರ ನಿಜವಾದ ಹಿರಿಮೆ ಬೇರೆಯೇ. ಚಾಕುಗಳ ಜೊತೆಗೆ, ಅವನ್ನು ಮಾಡುವ ಬಗೆಯನ್ನು ವಿವರಿಸುವ ಕಿರುಹೊತ್ತಿಗೆಯನ್ನೂ ಅವರು ಬಂದವರಿಗೆಲ್ಲ ಉಚಿತವಾಗಿ ಹಂಚಿದರು. ಕೈಕಲಿಕೆಯ ಚರಿತ್ರೆಯಲ್ಲಿ ತಿರುವು ಎನ್ನಬೇಕಾದದ್ದು ಈ ಹಂಚಿಕೆಯನ್ನು.

ಸಂಘ ಮತ್ತು ಪರೀಕ್ಷೆ

1976ರಲ್ಲಿ ಮೋರನ್, ಡಾನ್ ಹೇಸ್ಟಿಂಗ್ಸ್, ಬಿಲ್ ಬ್ಯಾಗ್‌ವೆಲ್ ಮತ್ತು ಬಿ. ಆರ್. ಹ್ಯೂಸ್ ಸೇರಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯನ್ನು ಸ್ಥಾಪಿಸಿದರು. ಸಂಘದಲ್ಲಿ ಶಿಷ್ಯ, ಜರ್ನಿಮನ್, ಮಾಸ್ಟರ್ ಎಂಬ ಮೂರು ಮೆಟ್ಟಿಲುಗಳಿವೆ. ಶಿಷ್ಯರಾಗಿ ಮೂರು ವರ್ಷ ಕಳೆದವರು ಜರ್ನಿಮನ್ ಪರೀಕ್ಷೆಗೆ ಕೂರಬಹುದು. ಸಂಘ ಒಪ್ಪಿದ ಆರಂಭಿಕ ತರಗತಿ ಮುಗಿಸಿದವರಿಗೆ ಎರಡೇ ವರ್ಷ ಸಾಕು.

ಪರೀಕ್ಷೆ ನಡೆಯುವುದು ಮಾಸ್ಟರ್ ಒಬ್ಬರ ಎದುರಿಗೆ. ಅಭ್ಯರ್ಥಿ ತಾನೇ ಬಡಿದು ಮಾಡಿದ, ಅಲಗು 10 ಇಂಚು ಮೀರದ ಚಾಕುವಿನಿಂದ ತೂಗುಬಿಟ್ಟ 1 ಇಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು. ಬಳಿಕ ಮರದ ತುಂಡನ್ನು ಎರಡು ಸಲ ಪೂರ್ತಿ ಕತ್ತರಿಸಬೇಕು. ಇಷ್ಟಾದ ಮೇಲೂ ಅದೇ ಬಾಯಿ ಕೂದಲು ಬೋಳಿಸಬೇಕು. ಕೊನೆಗೆ ಅಲಗನ್ನು ವೈಸಿಗೆ ಸಿಕ್ಕಿಸಿ 90 ಡಿಗ್ರಿ ಬಗ್ಗಿಸುತ್ತಾರೆ; ಅದು ಮುರಿಯಬಾರದು. ಬಾಯಿ ಗಡುಸಾಗಿಯೂ ಬೆನ್ನು ಮೆದುವಾಗಿಯೂ ಇರುವಂತೆ ಹದಹಾಕಲು ಬಂದವರ ಚಾಕು ಮಾತ್ರ ಈ ನಾಲ್ಕನ್ನೂ ತಾಳುತ್ತದೆ. ಮಾಸ್ಟರ್ ಪರೀಕ್ಷೆಯಲ್ಲಿ ಇದೇ ಕೆಲಸಕ್ಕೆ ಕನಿಷ್ಠ 300 ಪದರಗಳ ಡಮಾಸ್ಕಸ್ ಅಲಗು ಬೇಕು. ಹೊರನೋಟ ಮತ್ತು ಕುಸುರಿಯನ್ನು ಅಳೆಯಲು ಬೇರೆ ಐದು ಚಾಕುಗಳನ್ನು ತೀರ್ಪುಗಾರರ ಮುಂದಿಡಬೇಕು. ಆಡ್ರಾ ಡ್ರೇಪರ್ 2000ದಲ್ಲಿ ಮಾಸ್ಟರ್ ಪದವಿ ಪಡೆದ ಮೊದಲ ಮಹಿಳೆಯಾದರು.

ಶಾಲೆ

1988ರಲ್ಲಿ ಟೆಕ್ಸಾರ್ಕಾನಾ ಕಾಲೇಜಿನ ಸಹಭಾಗಿತ್ವದಲ್ಲಿ ಸಂಘದ ಶಾಲೆ ತೆರೆಯಿತು. ಅದಕ್ಕೆ ಆರಿಸಿಕೊಂಡ ಊರು ಬ್ಲ್ಯಾಕ್‌ನ ವಾಷಿಂಗ್ಟನ್. ಗುಟ್ಟು ಮಣ್ಣುಪಾಲಾಯಿತೆಂದು ಜನ ಹೇಳುವ ಊರಿನಲ್ಲೇ ಅಡಿಗಲ್ಲುಗಳನ್ನು ಸಾಲಾಗಿ ಹೂಡಿ, ಹಣ ಕಟ್ಟಿ ಬಂದ ಯಾರಿಗೇ ಆಗಲಿ ಎಲ್ಲವನ್ನೂ ತೋರಿಸಿಕೊಡುವ ಏರ್ಪಾಡಾಯಿತು. ಈಗ ಅದೇ ಊರಿನಲ್ಲಿ ಅರ್ಕಾನ್ಸಾಸ್ ವಿಶ್ವವಿದ್ಯಾಲಯದ ಹೋಪ್-ಟೆಕ್ಸಾರ್ಕಾನಾ ಶಾಖೆ ಜೇಮ್ಸ್ ಬ್ಲ್ಯಾಕ್ ಹೆಸರಿನ ಶಾಲೆ ನಡೆಸುತ್ತಿದೆ. 2015ರಲ್ಲಿ ಆರಂಭವಾದ ‘ಫೋರ್ಜ್ಡ್ ಇನ್ ಫೈರ್’ ಟಿವಿ ಸ್ಪರ್ಧೆ ಕಸುಬನ್ನು ಮನೆಮನೆಗೆ ತಲುಪಿಸಿತು.

ಜಪಾನಿನಲ್ಲಿ ಕಲಿಕೆಯ ದಾರಿ ಅಮೆರಿಕದ್ದಕ್ಕಿಂತ ಉದ್ದ. ಅಲ್ಲಿ ಪರವಾನಗಿ ಪಡೆದ ಕತ್ತಿ ಕಮ್ಮಾರನ ಬಳಿ ಕನಿಷ್ಠ ಐದು ವರ್ಷ ದುಡಿದು, ಸರ್ಕಾರದ ಎಂಟು ದಿನಗಳ ತರಬೇತಿ-ಪರೀಕ್ಷೆ ದಾಟಿದವರಿಗಷ್ಟೇ ಕತ್ತಿ ಮಾಡುವ ಹಕ್ಕು. ಶಿಷ್ಯನ ಮೊದಲ ಪಾಠ ಇದ್ದಿಲನ್ನು ಅಳತೆಗೆ ಸರಿಯಾಗಿ ಕಡಿಯುವುದು.

ಉಕ್ಕಿನ ಪ್ರಶ್ನೆ

‘ಡಮಾಸ್ಕಸ್’ ಎಂಬ ಹೆಸರೇ ಇನ್ನೊಂದು ಗೊಂದಲಕ್ಕೆ ಮೂಲ. ಮೋರನ್ನರದು ಪದರ ಬೆಸೆದ ಉಕ್ಕು. ಪಶ್ಚಿಮ ಏಷ್ಯಾದ ಹೆಸರಾಂತ ಡಮಾಸ್ಕಸ್ ಖಡ್ಗಗಳು ಮೂಸೆಯಲ್ಲಿ ಕರಗಿಸಿದ ಉಕ್ಕಿನವು. ದಕ್ಷಿಣ ಭಾರತ ಅಂಥ ಉಕ್ಕಿನ ದೊಡ್ಡ ನೆಲೆಯಾಗಿತ್ತು. ಇಂಗ್ಲಿಷಿನ ‘ವುಟ್ಜ್’ ಕನ್ನಡದ ‘ಉಕ್ಕು’ವಿನಿಂದ ಬಂತೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕುಲುಮೆ, ಮೂಸೆಗಳನ್ನು ವಿವರವಾಗಿ ಬರೆದಿಟ್ಟ. ಆದರೆ ಆ ಬರಹದಿಂದ ಖಡ್ಗ ಬಡಿಯುವ ಕೈಚಳಕ ಸಿಗಲಿಲ್ಲ. ಮೂಸೆಯ ಉಕ್ಕನ್ನು ಅತಿಯಾಗಿ ಕಾಯಿಸಿದರೆ ಸುತ್ತಿಗೆಯಡಿ ಪುಡಿಯಾಗುತ್ತದೆ, ಚಿತ್ತಾರವೂ ಅಳಿಯುತ್ತದೆ. ಫ್ಲಾರಿಡಾದ ಲಾಳಗಾರ, ಮಾಸ್ಟರ್ ಕಮ್ಮಾರ ಆಲ್ಫ್ರೆಡ್ ಪೆಂಡ್ರೇ ವರ್ಷಗಟ್ಟಲೆ ಬಡಿದು ಆ ಹದವನ್ನು ಕಂಡುಕೊಂಡರು. ಚಿತ್ತಾರ ಮೂಡುವಲ್ಲಿ ವೆನೇಡಿಯಂನಂಥ ಅಲ್ಪಾಂಶ ಧಾತುಗಳ ಪಾತ್ರವನ್ನು ಅವರು ಲೋಹವಿಜ್ಞಾನಿ ಜಾನ್ ವರ್‌ಹೋವನ್ ಜೊತೆಗೂಡಿ 1998ರಲ್ಲಿ ಪ್ರಕಟಿಸಿದರು. ಗುರುವಿನಿಂದ ಶಿಷ್ಯನಿಗೆ ದಾಟಿಬಂದಿದ್ದರೆ ಕೆಲವೇ ವರ್ಷಗಳಲ್ಲಿ ಕೈವಶವಾಗುತ್ತಿದ್ದ ಹದ, ಸರಪಳಿ ಕಡಿದದ್ದರಿಂದ ಮತ್ತೆ ಮೊದಲಿನಿಂದ ಹುಡುಕುವ ಕೆಲಸವಾಯಿತು.