ಹೊಗೆಗೂಡಿನ ಮಸಿ ಮತ್ತು ಮನೆಯ ರಕ್ಷಣೆ: ಬ್ರಿಟನ್ನಿನ ಐದು ಶಾಸನಗಳ ವಿವೇಚನೆ

ಬ್ರಿಟನ್ನಿನ ಪಾರ್ಲಿಮೆಂಟು 1788, 1834, 1840, 1864 ಮತ್ತು 1875ನೆಯ ಇಸವಿಗಳಲ್ಲಿ ಹೊಗೆಗೂಡು ಗುಡಿಸುವ ಕಸುಬನ್ನು ಕುರಿತು ಐದು ಶಾಸನಗಳನ್ನು ಮಾಡಿತು. ಮೊದಲನೆಯದಕ್ಕೂ ಕೊನೆಯದಕ್ಕೂ 87 ವರ್ಷಗಳ ಅಂತರವಿದೆ. ಯುದ್ಧ ಸಂಧಾನಗಳಲ್ಲಾಗಲಿ ರಾಜ್ಯದ ಆಯವ್ಯಯದಲ್ಲಾಗಲಿ ಯಾವ ಸ್ಥಾನವೂ ಇಲ್ಲದ ಇಂಥ ಅಲ್ಪ ಕಸುಬಿಗೆ ಐದು ಬಾರಿ ಶಾಸನ ಮಾಡಬೇಕಾಗಿ ಬಂದುದೇಕೆ? ಮೊದಲಿನ ನಾಲ್ಕು ವಿಫಲವಾದುದೇಕೆ, ಐದನೆಯದು ಸಫಲವಾದುದೇಕೆ? ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ವಿವೇಚಿಸಲು ಯತ್ನಿಸುತ್ತೇವೆ.

ಮೊದಲಿಗೆ ಕಸುಬಿನ ಅಗತ್ಯವನ್ನೇ ತಿಳಿಯಬೇಕು. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಹೊಗೆಯು ಹೆಂಚಿನ ಸಂದಿಯಿಂದಲೋ ಬೆಳಕಿಂಡಿಯಿಂದಲೋ ಹೊರಹೋಗುತ್ತಿತ್ತು. ಮಸಿಯು ಇಲ್ಲಣವಾಗಿ ಜಂತೆಗಳಲ್ಲಿ ಜೋಲಾಡುತ್ತಿತ್ತು. ಚಳಿಯ ನಾಡಾದ ಇಂಗ್ಲೆಂಡಿನಲ್ಲಿ ಕೋಣೆಕೋಣೆಗೂ ಅಗ್ಗಿಷ್ಟಿಕೆ ಬೇಕಾಗಿತ್ತು. ಪ್ರತಿಯೊಂದು ಅಗ್ಗಿಷ್ಟಿಕೆಯ ಹೊಗೆಯೂ ಗೋಡೆಯೊಳಗಿನ ಕೊಳವೆಯ ಮೂಲಕ ಏರಿ ಮಾಡಿನ ಮೇಲಿನ ಹೊಗೆಗೂಡನ್ನು ಸೇರುತ್ತಿತ್ತು. ಸೌದೆಗೆ ಬದಲಾಗಿ ಕಲ್ಲಿದ್ದಲು ಬಳಕೆಗೆ ಬಂದಮೇಲೆ, ಗಾಳಿಯ ಸೆಳೆತ ಚೆನ್ನಾಗಿರಲೆಂದು ಈ ಕೊಳವೆಗಳನ್ನು ಕಿರಿದಾಗಿ ಕಟ್ಟಲಾರಂಭಿಸಿದರು. 14 ಅಂಗುಲ ಉದ್ದ, 9 ಅಂಗುಲ ಅಗಲದ ಕೊಳವೆ ಸಾಮಾನ್ಯವಾಯಿತು. ಇದಕ್ಕಿಂತಲೂ ಇಕ್ಕಟ್ಟಾದವೂ ಇದ್ದವು. ಹಲವು ಕೋಣೆಗಳ ಕೊಳವೆಗಳು ಬಳಸಿ ಬಾಗಿ ಒಂದೇ ಹೊಗೆಗೂಡಿಗೆ ಬಂದು ಕೂಡುತ್ತಿದ್ದವು.

ಹೊಗೆಯೊಡನೆ ಏರಿದ ಮಸಿಯೂ ಡಾಂಬರಿನಂಥ ಜಿಗುಟು ವಸ್ತುವೂ ಕೊಳವೆಯ ಒಳಮೈಗೆ ಪದರಪದರವಾಗಿ ಅಂಟಿಕೊಳ್ಳುತ್ತವೆ. ಮಸಿಯೆಂಬುದು ಪೂರ್ತಿ ಉರಿಯದೆ ಉಳಿದ ಇಂಧನವೇ ಆದುದರಿಂದ, ಕೆಳಗಿನಿಂದ ಒಂದು ಕಿಡಿ ಹಾರಿದರೆ ಕೊಳವೆಯೇ ಕುಲುಮೆಯಾಗುತ್ತದೆ. ಗಾರೆ ಬಿರಿಯುತ್ತದೆ, ಶಾಖವು ಪಕ್ಕದ ತೊಲೆಗಳಿಗೆ ತಗಲುತ್ತದೆ, ಮೇಲಿನಿಂದ ಕಿಡಿಗಳು ನೆರೆಮನೆಯ ಮಾಡಿಗೆ ಉದುರುತ್ತವೆ. 1666ನೆಯ ಸೆಪ್ಟೆಂಬರ್ 2ರಂದು ಪುಡಿಂಗ್ ಲೇನಿನ ರೊಟ್ಟಿಯಂಗಡಿಯೊಂದರಲ್ಲಿ ಹೊತ್ತಿದ ಬೆಂಕಿಯು ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ಆಹುತಿ ತೆಗೆದುಕೊಂಡುದನ್ನು ಲಂಡನ್ನಿನ ಜನ ಮರೆತಿರಲಿಲ್ಲ. ಮರುವರ್ಷದ ಶಾಸನವು ಮನೆಗಳನ್ನು ಇಟ್ಟಿಗೆ ಅಥವಾ ಕಲ್ಲಿನಿಂದಲೇ ಕಟ್ಟಬೇಕೆಂದು ವಿಧಿಸಿತು. ಆದರೆ ಗೋಡೆಯು ಇಟ್ಟಿಗೆಯದಾದ ಮಾತ್ರಕ್ಕೆ ಅದರೊಳಗಿನ ಮಸಿ ತಾನಾಗಿ ಇಲ್ಲವಾಗಲಿಲ್ಲ. ಅದನ್ನು ಕಾಲಕಾಲಕ್ಕೆ ಯಾರಾದರೂ ತೆಗೆಯಲೇಬೇಕಾಗಿತ್ತು.

ಹಾಗೆ ತೆಗೆದವರು ಮಕ್ಕಳು. 9 ಅಂಗುಲದ ಇಕ್ಕಟ್ಟಿನಲ್ಲಿ ದೊಡ್ಡವರು ತೂರಲಾರರಾದುದರಿಂದ ಕಸುಬಿನ ಯಜಮಾನರು ಆರೇಳು ವರ್ಷದ, ಕೆಲವೊಮ್ಮೆ ಅದಕ್ಕಿಂತಲೂ ಎಳೆಯ ಹುಡುಗರನ್ನು ಬಡ ತಂದೆತಾಯಿಗಳಿಂದಲೂ ಅನಾಥರನ್ನು ಸಲಹುವ ಪ್ಯಾರಿಷ್ ಅಧಿಕಾರಿಗಳಿಂದಲೂ ಶಿಷ್ಯರೆಂಬ ಹೆಸರಿನಲ್ಲಿ ಪಡೆಯುತ್ತಿದ್ದರು. ಹುಡುಗನು ಮೊಣಕೈ ಮೊಣಕಾಲುಗಳನ್ನು ಗೋಡೆಗೆ ಒತ್ತಿ ಕತ್ತಲೆಯಲ್ಲಿ ಮೇಲೇರಿ ಮಸಿಯನ್ನು ಕೆರೆದು ಬೀಳಿಸುತ್ತಿದ್ದನು. ತರಚಿದ ಚರ್ಮವು ಗಟ್ಟಿಯಾಗಲೆಂದು ಉಪ್ಪುನೀರನ್ನು ತಿಕ್ಕಿ ಬೆಂಕಿಯ ಬಳಿ ನಿಲ್ಲಿಸುತ್ತಿದ್ದರು. ಬಿದ್ದ ಮಸಿಯನ್ನು ಯಜಮಾನನು ಗೊಬ್ಬರಕ್ಕೆಂದು ರೈತರಿಗೆ ಮಾರುತ್ತಿದ್ದನು. ರಾತ್ರಿ ಹುಡುಗನು ಆ ಮಸಿಯ ಚೀಲಗಳನ್ನೇ ಹೊದ್ದು ಮಲಗುತ್ತಿದ್ದನು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬವನು 1775ರಲ್ಲಿ ಈ ಕಸುಬಿನವರ ವೃಷಣಚೀಲದಲ್ಲಿ ಕಾಣಿಸಿಕೊಳ್ಳುವ ಅರ್ಬುದಕ್ಕೆ ಮಸಿಯೇ ಕಾರಣವೆಂದು ತೋರಿಸಿದನು. ಕಸುಬೊಂದರಿಂದ ಅರ್ಬುದ ಹುಟ್ಟುವುದನ್ನು ವೈದ್ಯಶಾಸ್ತ್ರವು ಗುರುತಿಸಿದುದು ಇದೇ ಮೊದಲು. ಬಾಲ್ಯದಲ್ಲಿ ಅಂಟಿದ ಮಸಿಯು ಯೌವನ ಕಳೆಯುವುದರೊಳಗೆ ಪ್ರಾಣವನ್ನೇ ಕೇಳುತ್ತಿತ್ತು.

ಈ ಮಕ್ಕಳ ಪರವಾಗಿ ಮೊದಲು ದನಿಯೆತ್ತಿದವರಲ್ಲಿ ಮುಖ್ಯನು ಜೋನಾಸ್ ಹ್ಯಾನ್‌ವೇ ಎಂಬ ವರ್ತಕ. ಅವನು 1786ರಲ್ಲಿ ತೀರಿಕೊಂಡನು. ಎರಡು ವರ್ಷಗಳ ತರುವಾಯ ಮೊದಲನೆಯ ಶಾಸನವು ಹೊರಬಂದಿತು. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಕಸುಬಿಗೆ ಸೇರಿಸಬಾರದು, ಒಬ್ಬ ಯಜಮಾನನಿಗೆ ಆರು ಶಿಷ್ಯರಿಗಿಂತ ಹೆಚ್ಚು ಇರಬಾರದು ಎಂದು ಅದು ವಿಧಿಸಿತು. ಯಜಮಾನರು ಪರವಾನಗಿ ಪಡೆಯಬೇಕೆಂಬ ಇನ್ನೊಂದು ವಿಧಿಯೂ ಮಸೂದೆಯಲ್ಲಿತ್ತು. ಅದನ್ನು ಪ್ರಭುಗಳ ಸಭೆಯು ತಿರಸ್ಕರಿಸಿತು. ವಿದ್ಯಾರ್ಥಿಗಳು ಈ ಅಂಶವನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು; ನಮ್ಮ ವಿವೇಚನೆಯು ಕೊನೆಯಲ್ಲಿ ಇಲ್ಲಿಗೇ ಹಿಂದಿರುಗುವುದು. ಪರವಾನಗಿಯಿಲ್ಲದುದರಿಂದ ಯಜಮಾನರು ಯಾರು ಯಾರೆಂಬ ಪಟ್ಟಿಯೂ ಇರಲಿಲ್ಲ, ತಪ್ಪಿದವನನ್ನು ಕಸುಬಿನಿಂದ ಹೊರಗಿಡುವ ಉಪಾಯವೂ ಇರಲಿಲ್ಲ.

ಬೇರೆ ದಾರಿಯಿಲ್ಲದೆ ಮಕ್ಕಳನ್ನು ಹತ್ತಿಸಬೇಕಾಯಿತೆಂದು ಹೇಳುವವರುಂಟು. ಈ ಸಮರ್ಥನೆಯು 1803ರಿಂದೀಚೆಗೆ ನಿಲ್ಲಲಾರದು. ಆ ವರ್ಷ ಲಂಡನ್ನಿನಲ್ಲಿ, ಹತ್ತುವ ಹುಡುಗರ ಅಗತ್ಯವನ್ನೇ ನಿವಾರಿಸುವ ಉದ್ದೇಶದಿಂದ ಒಂದು ಸಂಘವು ಸ್ಥಾಪಿತವಾಯಿತು. ಅದೇ ಕಾಲಕ್ಕೆ ಜಾರ್ಜ್ ಸ್ಮಾರ್ಟ್ ಎಂಬವನು ಟೊಳ್ಳು ಕೋಲುಗಳೊಳಗೆ ಹಗ್ಗ ಪೋಣಿಸಿ, ತುದಿಗೆ ಕುಂಚ ಕಟ್ಟಿ, ಕೆಳಗಿನಿಂದಲೇ ಹೊಗೆಗೂಡನ್ನು ಗುಡಿಸುವ ಸಾಧನವನ್ನು ರಚಿಸಿದನು. 1828ರಲ್ಲಿ ಬ್ರಿಸ್ಟಲ್ಲಿನ ಜೋಸೆಫ್ ಗ್ಲಾಸ್ ಅದನ್ನು ಉತ್ತಮಪಡಿಸಿದನು. ಒಂದಕ್ಕೊಂದು ಜೋಡಿಸುವ ಬಾಗುವ ಬೆತ್ತಗಳ ಈ ಸಾಧನವೇ ಮುಂದೆ ಕಸುಬಿನಲ್ಲೆಲ್ಲ ರೂಢಿಗೆ ಬಂದ ಕುಂಚದ ಮೂಲರೂಪ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಂತೂ ಮಾಡಿನ ಮೇಲಿನಿಂದ ಗುಂಡು ಮತ್ತು ಕುಂಚಗಳನ್ನು ಹಗ್ಗದಲ್ಲಿ ಇಳಿಬಿಟ್ಟು ಗುಡಿಸುವ ಪದ್ಧತಿ ಇತ್ತು.

ಆದರೂ ಸಾಧನವು ಮೂಲೆಗೆ ಬಿದ್ದಿತು. ಇದಕ್ಕೆ ಕಾರಣಗಳು ಎರಡು ಕಡೆಯಲ್ಲಿದ್ದವು. ಯಜಮಾನನಿಗೆ ಹುಡುಗನು ಸಾಧನಕ್ಕಿಂತ ಅಗ್ಗ. ಅನೇಕ ವೇಳೆ ಹುಡುಗನೊಡನೆ ಪ್ಯಾರಿಷ್‌ನಿಂದ ಹಣವೂ ಬರುತ್ತಿತ್ತು. ಮನೆಯೊಡೆಯರಿಗಾದರೋ, ಕುಂಚ ತಿರುಗಲಾರದ ಕಡಿದಾದ ತಿರುವುಗಳನ್ನು ಒಡೆದು ಸರಿಪಡಿಸುವ ವೆಚ್ಚ ಬೇಡವಾಗಿತ್ತು. ಮಸಿ ಹಾರಿ ರತ್ನಗಂಬಳಿ ಕೆಟ್ಟೀತೆಂಬ ಭಯವೂ ಇತ್ತು. 1817ರಲ್ಲಿ ಸಾಮಾನ್ಯರ ಸಭೆಯ ಸಮಿತಿಯೊಂದು ಸಾಕ್ಷ್ಯಗಳನ್ನು ಸಂಗ್ರಹಿಸಿ ಹುಡುಗರನ್ನು ಹತ್ತಿಸುವುದನ್ನು ನಿಷೇಧಿಸಬೇಕೆಂದು ಸೂಚಿಸಿತು. ಆದರೆ ಅದನ್ನನುಸರಿಸಿ ಬಂದ ಮಸೂದೆಯು 1819ರಲ್ಲಿ ಪ್ರಭುಗಳ ಸಭೆಯಲ್ಲಿ ಬಿದ್ದುಹೋಯಿತು. ಇಂಥ ಸುಧಾರಣೆಗಳನ್ನು ಜನರ ನೈತಿಕ ಭಾವನೆಗೆ ಬಿಡಬೇಕೇ ಹೊರತು ಶಾಸನಕ್ಕಲ್ಲವೆಂದು ಲಾರ್ಡ್ ಲಾಡರ್‌ಡೇಲ್ ಅಲ್ಲಿ ವಾದಿಸಿದನು. ಅತಿ ದೊಡ್ಡ ಮನೆಗಳೂ ಅತಿ ಬಳಸಿನ ಹೊಗೆಗೂಡುಗಳೂ ಆ ಸಭೆಯ ಸದಸ್ಯರವೇ ಆಗಿದ್ದವೆಂಬುದನ್ನು ನಾವಿಲ್ಲಿ ಗಮನಿಸದಿರಲಾಗದು.

1834ರ ಶಾಸನವು, ಬೆಂಕಿ ಹೊತ್ತಿದ ಹೊಗೆಗೂಡನ್ನು ಆರಿಸಲು ಹುಡುಗರನ್ನು ಏರಿಸುವುದನ್ನು ಅಪರಾಧವೆಂದು ಸಾರಿತು. ಅದುವರೆಗೆ ಹಾಗೂ ನಡೆಯುತ್ತಿತ್ತೆಂದು ಇದರಿಂದಲೇ ವಿದಿತವಾಗುತ್ತದೆ. 1840ರ ಶಾಸನವು ಇನ್ನೂ ಮುಂದೆ ಹೋಗಿ 21 ವರ್ಷಕ್ಕೆ ಕಡಮೆಯಾದವರು ಯಾರೂ ಹೊಗೆಗೂಡನ್ನು ಹತ್ತಕೂಡದೆಂದು ವಿಧಿಸಿತು. ಮಕ್ಕಳ ರಕ್ಷಣೆಗೆ ಇದಕ್ಕಿಂತ ಕಟ್ಟುನಿಟ್ಟಾದ ಮಾತು ಇನ್ನೇನಿದೆ? ಆದರೆ ಅದನ್ನು ನಡೆಯಿಸುವ ಹೊಣೆ ನಿರ್ದಿಷ್ಟವಾಗಿ ಯಾರ ಮೇಲೂ ಇರಲಿಲ್ಲ. ದೂರು ಕೊಡಬೇಕಾದವನು ಮನೆಯೊಡೆಯ. ಹುಡುಗನನ್ನು ಕರೆಸಿದವನೂ ಅವನೇ. ಮುಂದೆ ಶಾಫ್ಟ್ಸ್‌ಬರಿಯ ಅರ್ಲ್ ಎಂದು ಪ್ರಸಿದ್ಧನಾದ ಆಂಟನಿ ಆಷ್ಲಿ ಕೂಪರ್ 1850ರ ದಶಕದಲ್ಲಿ ಮತ್ತೆ ಮತ್ತೆ ಮಸೂದೆಗಳನ್ನು ತಂದು ಸೋತನು. 1863ರಲ್ಲಿ ಬಾಲಕಾರ್ಮಿಕರನ್ನು ಕುರಿತ ಆಯೋಗದ ವರದಿಯೂ ಚಾರ್ಲ್ಸ್ ಕಿಂಗ್‌ಸ್ಲಿಯ ‘ವಾಟರ್ ಬೇಬೀಸ್’ ಎಂಬ ಕಥೆಯೂ ಪ್ರಕಟವಾಗಿ ಜನಾಭಿಪ್ರಾಯವನ್ನು ಕಲಕಿದವು. 1864ರ ಶಾಸನವು ಶಿಕ್ಷೆಯನ್ನು ಹೆಚ್ಚಿಸಿತು. ಪದ್ಧತಿಯು ನಿಲ್ಲಲಿಲ್ಲ.

1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಸಮೀಪದ ಫುಲ್‌ಬರ್ನ್ ಎಂಬಲ್ಲಿ, ಮನೋರೋಗಿಗಳ ಆಸ್ಪತ್ರೆಯ ಹೊಗೆಗೊಳವೆಯಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕನು ಸಿಕ್ಕಿಕೊಂಡನು. ಗೋಡೆಯನ್ನು ಒಡೆದು ಅವನನ್ನು ಹೊರಗೆ ತೆಗೆದರೂ ಅವನು ಬದುಕಲಿಲ್ಲ. ಅವನ ಯಜಮಾನನಿಗೆ ಆರು ತಿಂಗಳ ಕಠಿಣ ಶಿಕ್ಷೆಯಾಯಿತು. ಶಾಫ್ಟ್ಸ್‌ಬರಿಯು ಈ ಸಾವನ್ನು ಮುಂದಿಟ್ಟುಕೊಂಡು ಅದೇ ವರ್ಷ ಐದನೆಯ ಶಾಸನವನ್ನು ಗೆದ್ದುಕೊಂಡನು. ಇನ್ನು ಮುಂದೆ ಹೊಗೆಗೂಡು ಗುಡಿಸುವವನು ಪೊಲೀಸರಿಂದ ವರ್ಷ ವರ್ಷವೂ ಪರವಾನಗಿ ಪಡೆಯಬೇಕು. ಹಿಂದಿನ ಶಾಸನಗಳು ನಡೆಯುವಂತೆ ನೋಡಿಕೊಳ್ಳುವ ಹೊಣೆಯೂ ಪೊಲೀಸರದೇ. 1788ರಲ್ಲಿ ಪ್ರಭುಗಳು ಕಿತ್ತುಹಾಕಿದ ವಿಧಿಯೇ 87 ವರ್ಷಗಳ ಮೇಲೆ ಹಿಂದಿರುಗಿ ಬಂದಿತು. ಹುಡುಗರನ್ನು ಹತ್ತಿಸುವ ಪದ್ಧತಿಯು ಇದರಿಂದ ಕೊನೆಗೊಂಡಿತು. 72 ವರ್ಷ ಕಾದಿದ್ದ ಕುಂಚವು ಕೆಲಸಕ್ಕೆ ಬಂದಿತು. ರೂಢಿಯು ಬೇರೂರಿದ ಬಳಿಕ, 1938ರಲ್ಲಿ ಈ ಶಾಸನಗಳನ್ನು ಅನಗತ್ಯವೆಂದು ರದ್ದುಪಡಿಸಲಾಯಿತು.

ಈ ವೃತ್ತಾಂತದಿಂದ ನಮಗೆ ತೋರುವುದಿಷ್ಟು. ಅಪಾಯದ ಅರಿವು 1666ರಿಂದಲೇ ಇತ್ತು, ಕರುಣೆ 1788ರಲ್ಲಿ ಮಾತನಾಡಿತು, ಸಾಧನವು 1803ರಲ್ಲಿ ಸಿದ್ಧವಾಯಿತು, ನಿಷೇಧವು 1840ರಲ್ಲಿ ಬಂದಿತು. ಇವು ನಾಲ್ಕೂ ಕೂಡಿ ಮಾಡಲಾರದುದನ್ನು ಹೊಣೆಗಾರಿಕೆಯೊಂದು ಮಾಡಿತು. ಕೆಲಸ ಮಾಡುವವನು ಯಾರೆಂಬುದು ದಾಖಲೆಯಲ್ಲಿರುವುದು, ಅವನು ತಪ್ಪಿದರೆ ಕೇಳುವವರೊಬ್ಬರಿರುವುದು, ಇವೇ ಮಸಿ ಗುಡಿಸುವುದನ್ನು ಮರ್ಯಾದೆಯ ವೃತ್ತಿಯನ್ನಾಗಿ ಮಾಡಿದವು. ಮನೆಯ ರಕ್ಷಣೆಗೆ ತಗಲುವ ವೆಚ್ಚವನ್ನು ಅದುವರೆಗೆ ಹುಡುಗನ ಮೈ ತೆರುತ್ತಿತ್ತು. ಅಲ್ಲಿಂದ ಮುಂದೆ ಮನೆಯೊಡೆಯನು ತೆರಬೇಕಾಯಿತು.

ಇದು ಮುಗಿದುಹೋದ ಕಥೆಯೆಂದು ತಿಳಿಯಬಾರದು. ಅಗ್ಗಿಷ್ಟಿಕೆಗಳು ವಿರಳವಾದ ಮನೆಗಳಲ್ಲಿಯೂ ಗೋಡೆಯೊಳಗೆ ಹೊಸ ಬಗೆಯ ಕೊಳವೆಗಳು ಸೇರಿಕೊಂಡಿವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಟ್ಟೆ ಒಣಗಿಸುವ ಯಂತ್ರದ ಬಿಸಿಗಾಳಿಯು ಸಾಮಾನ್ಯವಾಗಿ 4 ಅಂಗುಲ ವ್ಯಾಸದ ಕೊಳವೆಯ ಮೂಲಕ ಹೊರಹೋಗುತ್ತದೆ. ಬಟ್ಟೆಗಳಿಂದ ಉದುರಿದ ನವುರಾದ ಎಳೆಗಳು ಅದರೊಳಗೆ ಮುದ್ದೆಗಟ್ಟಿದರೆ ಗಾಳಿಯ ಹರಿವು ಕಟ್ಟುತ್ತದೆ, ಯಂತ್ರವು ಮಿತಿಮೀರಿ ಕಾಯುತ್ತದೆ, ಎಳೆಗಳಿಗೆ ಬೆಂಕಿ ತಗಲುತ್ತದೆ. ಆ ದೇಶದ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಅವಧಿಯನ್ನು ಪರಿಶೀಲಿಸಿ, ಇಂಥ ಯಂತ್ರಗಳಿಂದ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಬೆಂಕಿ ಸಂಭವಿಸಿತೆಂದೂ ಸುಮಾರು 5 ಜನ ಸತ್ತು 100 ಜನ ಗಾಯಗೊಂಡರೆಂದೂ ಅಂದಾಜು ಮಾಡಿದೆ. ಕಾರಣಗಳಲ್ಲಿ ಮೊದಲನೆಯದು, ನೂರಕ್ಕೆ 34ರಷ್ಟು, ಶುಚಿಗೊಳಿಸದಿರುವುದು. ಕೊಳವೆಯನ್ನು ಗುಡಿಸುವ ವೃತ್ತಿಯವರು ಅಲ್ಲಿದ್ದಾರೆ. ಅವರು ಬಳಸುವ ಬಾಗುವ ಕೋಲು ಮತ್ತು ಕುಂಚಗಳನ್ನು ಕಂಡರೆ ಬ್ರಿಸ್ಟಲ್ಲಿನ ಗ್ಲಾಸನು ಗುರುತು ಹಿಡಿದಾನು.

ಕಣ್ಣಿಗೆ ಕಾಣದ ಕೊಳವೆಯಲ್ಲಿ ಕೂಡಿದ ಕಸವು ಮನೆಯ ಒಡೆಯನಿಗೆ ಸುಲಭವಾಗಿ ಮರೆಯುತ್ತದೆ. ಅದನ್ನು ತೆಗೆಯುವವನೂ ಅಷ್ಟೇ ಸುಲಭವಾಗಿ ಮರೆಯುತ್ತಾನೆ. ಈ ಎರಡು ಮರೆವುಗಳಿಗೆ ಎಂಥ ಬೆಲೆ ತೆರಬೇಕಾಯಿತೆಂಬುದಕ್ಕೆ ಬ್ರಿಟನ್ನಿನ ಈ ಐದು ಶಾಸನಗಳೇ ಸಾಕ್ಷಿ.