ಜಾಲಿ ಹಚ್ಚಿದವರು ಯಾರು, ಕಡಿಯುವವರು ಯಾರು?

ಘೋಣಸಗಿ, ತಿಕೋಟಾ, ಬಬಲೇಶ್ವರ ಸೀಮೆಯ ಮಂದಿಗೆ ಬಳ್ಳಾರಿ ಜಾಲಿ ಏನೆಂದು ಹೇಳಬೇಕಾಗಿಲ್ಲ. ಹಳ್ಳದಾಗ, ಗಾಯರಾಣದಾಗ, ಬೀಳುಬಿದ್ದ ಹೊಲದಾಗ ಅದೇ ಕಂಟಿ. ಹೆಸರಿಗೆ ಬಳ್ಳಾರಿ, ಮೂಲ ಅಮೆರಿಕ ಖಂಡ. ತಂದವರು ಯಾರು?

ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿ ಬೆಡ್ಡೋಮ್ 1876ರಲ್ಲಿ ಬೀಜ ಬೇಕೆಂದು ಸರ್ಕಾರಕ್ಕೆ ಬರೆದ. ಜಮೈಕಾದ ಬೀಜ 1877ರಲ್ಲಿ ಕಡಪಾ ಜಿಲ್ಲೆಯ ಕಮಲಾಪುರದ ನೆಲಕ್ಕೆ ಬಿತ್ತು. ಅದೇ ಹೊತ್ತಿನಲ್ಲಿ, 1876-78ರ ಧಾತು-ಈಶ್ವರ ಬರ ಬಳ್ಳಾರಿಯನ್ನೂ, ಆಗ ಕಲಾದಗಿ ಜಿಲ್ಲೆಯಾಗಿದ್ದ ನಮ್ಮ ಸೀಮೆಯನ್ನೂ ಸುಡುತ್ತಿತ್ತು. ಜನ ಹಸಿವಿನಿಂದ ಸಾಯುತ್ತಿದ್ದಾಗ ಸರ್ಕಾರ 1878ರ ಅರಣ್ಯ ಕಾಯ್ದೆ ತಂದು ಕಾಡಿಗೆ ಬೇಲಿ ಹಾಕಿತು. ಕಾಡು ಕಿತ್ತುಕೊಂಡವರೇ ಮುಳ್ಳು ಕೊಟ್ಟರು. ಮುಂದೆಯೂ ಬರಡು ನೆಲಕ್ಕೆ ಹಸಿರು, ಬಡವರಿಗೆ ಉರುವಲು ಎಂದು ಅದನ್ನೇ ಹಚ್ಚಿದರು.

ಇದರ ಗುಣ ನೋಡಿರಿ. ದನ ಕಾಯಿ ತಿಂತಾವ, ಸಗಣಿ ಬಿದ್ದಲ್ಲೆಲ್ಲ ಬೀಜ ಮೊಳೀತದ. ಬೇರು ಬಿಟ್ಟು ಕಡಿದರೆ ಮತ್ತೆ ಚಿಗೀತದ. ಅದರ ಕೆಳಗೆ ಹುಲ್ಲು ಏಳುವುದು ಕಷ್ಟ. 'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಎನ್ನುವ ಗಾದೆಯ ಆ ಡೋಣಿ ಹೊಳೆಯೊಳಗೂ ಹೂಳು, ಜಾಲಿ. ನಾವು ಕೇಳುವುದಿಷ್ಟೆ: ಯಾವ ಓಣಿಗೆ ಕಾಳು? ಕಾಳು ಹೊಲ ಇದ್ದವರ ಓಣಿಗೆ ಹೋಯಿತು, ಕೇರಿಯ ಒಲೆಗೆ ಜಾಲಿ ಬಂತು. ಹೊರೆ ಹೊತ್ತ ಅವ್ವಂದಿರ ಅಂಗೈಯಲ್ಲಿ ಮುರಿದ ಮುಳ್ಳನ್ನು ಯಾವ ಗೆಜೆಟಿಯರ್ ಬರೆದೀತು?

ಇನ್ನು ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಜಾಲಿಯನ್ನು ಕಡಿಯಲು ಅನುಮತಿ ಬೇಡದ ಗಿಡಗಳ ಸಾಲಿಗೆ ಸೇರಿಸಿದೆ. ಹೊಲ ಇದ್ದಾತ ಕಡಿದಾನು. ಹೊಲವೇ ಇಲ್ಲದಾಕೆ? ನೆರೆಯ ತಮಿಳುನಾಡಿನಲ್ಲಿ 2017ರಲ್ಲಿ ಹೈಕೋರ್ಟಿನ ಮದುರೈ ಪೀಠ ಜಾಲಿ ಕೀಳಿರೆಂದಿತು. 2022ರಲ್ಲಿ ಸರ್ಕಾರ ಪರದೇಶಿ ಗಿಡಗಳ ಬಗ್ಗೆ ನೀತಿಯನ್ನೇ ಮಾಡಿತು. ಎರಡೂ ಮೇಲಿನಿಂದ ಬಂದವು. ಆದರೆ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ, ಪಂಚಾಯತಿಗೆ ವಹಿಸಬಹುದಾದ 29 ವಿಷಯಗಳಲ್ಲಿ 'ಉರುವಲು ಮತ್ತು ಮೇವು' ಎಂದೂ ಬರೆದಿದೆ. ಅಂದರೆ ಒಲೆಯ ಮಾತು ಪಂಚಾಯತಿಯ ಮಾತು.

ಜಾಲಿ ಉಳಿಸಿರಿ ಎನ್ನುವವರು ನಾವಲ್ಲ. ಅದು ಹೋಗಲಿ. ಆದರೆ ಜೆಸಿಬಿ ಬರುವ ಮೊದಲು ಗ್ರಾಮಸಭೆ ಕೂಡಲಿ. ಕಡಿದ ಕಟ್ಟಿಗೆ ಗುತ್ತಿಗೆದಾರನಿಗೋ, ಕೇರಿಗೋ? ಬೇರು ಅಗೆದವರಿಗೆ ಕೂಲಿ ಎಷ್ಟು? ತೆರವಾದ ಗಾಯರಾಣ ಯಾರ ನೇಗಿಲಿಗೆ ಸಿಕ್ಕೀತು? ಅಲ್ಲಿ ಬೇವು, ಬನ್ನಿ, ಹುಣಸೆ ಬೆಳೆಯುವತನಕ ಬಡವರ ಒಲೆಗೆ ಏನು? ಈ ನಾಲ್ಕಕ್ಕೂ ಉತ್ತರ ಬರೆದು ಠರಾವು ಮಾಡಲಿ. ಹೊರೆ ಹೊರುವವರೂ ಆ ಸಭೆಯಲ್ಲಿ ಕೂತು ಮಾತಾಡಲಿ.